ಕರು ಕುಡಿದ ಮೇಲೆ

ನಮ್ಮ ಹೋಟೆಲಿನ ಕಾಫಿಗೆ ಹಾಲು ಬರುತ್ತಿದ್ದುದು ಹನ್ನೆರಡು ಹೆಜ್ಜೆ ದೂರದಿಂದ. ಎಣಿಸಿದವಳು ನಾನೇ, ಕಾನ್ವೆಂಟಿನ ಕಪ್ಪು ಶೂ ಹಾಕಿಕೊಂಡು. ಡೊಂಬಿವಲಿ ಪೂರ್ವದಲ್ಲಿ, ಸ್ಟೇಷನ್ನಿನಿಂದ ಬರುವ ರಸ್ತೆಗೆ ಮುಖ ಮಾಡಿ ಅಪ್ಪನ ಹೋಟೆಲು. ಗಲ್ಲಾ, ಆರು ಮೇಜು, ಆಮೇಲೆ ಹೊಗೆ ಹಿಡಿದ ಅಡುಗೆಮನೆ. ಅಡುಗೆಮನೆಯ ಹಿಂಬಾಗಿಲು ತೆರೆದರೆ ಒಂದು ಅಂಗಳ, ಅಂಗಳದ ಆಚೆ ಸಾಲುಮನೆಗಳ ಚಾಳಿನ ಕೆಳಗಿನ ಎರಡು ಕೋಣೆ ನಮ್ಮ ಮನೆ. ಹೋಟೆಲಿಗೂ ಮನೆಗೂ ನಡುವೆ, ಗೋಡೆಗೆ ತಗಡು ಆನಿಸಿ ಕಟ್ಟಿದ ಹಟ್ಟಿಯಲ್ಲಿ ಬೊಳ್ಳಿ ಇದ್ದಳು. ಬೊಳ್ಳಿ ಅಂದರೆ ತುಳುವಿನಲ್ಲಿ ಬೆಳ್ಳಿ. ದನ ಮಾತ್ರ ಬೆಳ್ಳಗೇನೂ ಇರಲಿಲ್ಲ, ಹಾಲು ಹೆಚ್ಚಾದ ಚಹಾದ ಬಣ್ಣ. ಹಣೆಯ ಮೇಲೆ ಮಾತ್ರ ಒಂದು ಬಿಳಿ ಬೊಟ್ಟು, ಅಷ್ಟಕ್ಕೆ ಅಮ್ಮ ಆ ಹೆಸರು ಇಟ್ಟಿದ್ದಳು. ಲೋಕಲ್ ಗಾಡಿ ಹೋದಾಗಲೆಲ್ಲ ಹಟ್ಟಿಯ ತಗಡು ಗಡಗಡ ಅನ್ನುತ್ತಿತ್ತು. ಬೊಳ್ಳಿ ಕಿವಿಯನ್ನೂ ಆಡಿಸುತ್ತಿರಲಿಲ್ಲ. ಹೊಸ ಗಿರಾಕಿಗಳು ಬೆಚ್ಚಿಬೀಳುತ್ತಿದ್ದುದು ಗಾಡಿಯ ಸದ್ದಿಗಲ್ಲ, ಅಡುಗೆಮನೆಯ ಹಿಂದಿನಿಂದ ಬರುವ 'ಅಂಬಾ'ಕ್ಕೆ.

ಮುಂಬಯಿ ಎಂದರೆ ಎಮ್ಮೆ ಹಾಲಿನ ಊರು. ಇಲ್ಲಿ ಹಾಲು ಒಳ್ಳೆಯದು ಅನ್ನಬೇಕಾದರೆ ಅದು ದಪ್ಪ ಇರಬೇಕು, ಮೇಲೆ ಕೆನೆ ಕಂಬಳಿಯ ಹಾಗೆ ಕೂತಿರಬೇಕು. ದನದ ಹಾಲು ಅಂದರೆ ಬಾಣಂತಿಗೆ, ಎಳೆ ಮಗುವಿಗೆ, ಕಾಯಿಲೆಯವರಿಗೆ. ಅಪ್ಪನೂ ಚಹಾಕ್ಕೆ ಕಲ್ಯಾಣದ ಕಡೆಯ ತಬೇಲೆಯಿಂದ ಎಮ್ಮೆ ಹಾಲನ್ನೇ ತರಿಸುತ್ತಿದ್ದರು. ಆದರೆ ಕಾಫಿಗೆ ಮಾತ್ರ ಬೊಳ್ಳಿಯ ಹಾಲು. ಎಮ್ಮೆ ಹಾಲು ಡಿಕಾಕ್ಷನ್ನಿನ ಬಾಯಿ ಮುಚ್ಚಿಸುತ್ತದೆ, ದನದ ಹಾಲು ಅದನ್ನು ಮಾತಾಡಲು ಬಿಡುತ್ತದೆ ಎನ್ನುವುದು ಅವರ ಸಿದ್ಧಾಂತ. ಬೊಳ್ಳಿಯ ಹಾಲು ಮುಗಿದರೆ ಆ ದಿನದ ಕಾಫಿ ಮುಗಿಯಿತು. ಆಮೇಲೆ ಯಾರು ಬಂದು ಕೇಳಿದರೂ, ಉಡುಪಿಯಿಂದ ಸ್ವಂತ ಭಾವನೇ ಬಂದು ಕೂತರೂ, ಚಹಾವೇ. ಗಲ್ಲಾದ ಪಕ್ಕ ಒಂದು ಕಪ್ಪು ಹಲಗೆ ತೂಗುತ್ತಿತ್ತು. ಬೇರೆ ಹೋಟೆಲಿನವರು ಅಂಥ ಹಲಗೆಯ ಮೇಲೆ ತಿಂಡಿಯ ಪಟ್ಟಿ ಬರೆಸುತ್ತಾರೆ. ಅಪ್ಪ ನಿಜ ಬರೆಸುತ್ತಿದ್ದರು. 'ಕಾಫಿ ಮುಗಿದಿದೆ.' 'ಇವತ್ತು ಚಟ್ನಿ ಖಾರ.' ಒಂದು ಮಳೆಗಾಲದಲ್ಲಿ 'ಇಡ್ಲಿ ಉಬ್ಬಿಲ್ಲ' ಅಂತಲೂ ಬರೆಸಿದ್ದರು. ಅದನ್ನು ಓದಿಯೂ ಜನ ಇಡ್ಲಿ ತಿಂದು ಹೋದರು. ಬರೆಯುತ್ತಿದ್ದವಳು ನಾನು, ಇಂಗ್ಲಿಷಿನಲ್ಲಿ, ಸಿಸ್ಟರುಗಳು ಕಲಿಸಿದ ಬಾಗಿದ ಕೂಡಕ್ಷರದಲ್ಲಿ. ಗಿರಾಕಿಗಳು ನಿಂತು ಓದುವಾಗ ಅಪ್ಪ ಚಿಲ್ಲರೆ ಕೊಡುತ್ತಾ, ಯಾರೂ ಕೇಳದಿದ್ದರೂ, "ಮೇರಾ ಬೇಟಿ ಲಿಖಾ" ಅನ್ನುತ್ತಿದ್ದರು. ಅವರ ಹಿಂದಿ ಕೊನೆಯವರೆಗೂ ಹಾಗೆಯೇ ಇತ್ತು.

ಹೋಟೆಲು ಬೊಳ್ಳಿಯನ್ನು ಸಾಕುತ್ತಿತ್ತು, ಬೊಳ್ಳಿ ಹೋಟೆಲನ್ನು. ಅಕ್ಕಿ ತೊಳೆದ ನೀರು, ಉದ್ದು ತೊಳೆದ ನೀರು, ಅರೆಯುವ ಕಲ್ಲು ತೊಳೆದ ಬಿಳಿ ನೀರು, ಸೌತೆಯ ಸಿಪ್ಪೆ, ಬಾಳೆಲೆಯ ತುಂಡು ಎಲ್ಲ ಒಂದು ಬಕೆಟ್ಟಿಗೆ ಸೇರಿ ಕಲಗಚ್ಚಾಗಿ ಹಟ್ಟಿಗೆ ಹೋಗುತ್ತಿತ್ತು. ಅದನ್ನು ಒಯ್ಯುವುದು, ಶಾಲೆಗೆ ಹೊರಡುವ ಮುಂಚೆ, ನನ್ನ ಕೆಲಸ. ಒಯ್ಯುವ ಮೊದಲು ಕೈ ಹಾಕಿ ಈರುಳ್ಳಿ ಸಿಪ್ಪೆಯನ್ನೆಲ್ಲ ಹೆಕ್ಕಬೇಕಿತ್ತು. ದನ ಈರುಳ್ಳಿ ತಿಂದರೆ ಹಾಲಿಗೆ ವಾಸನೆ ಬರುತ್ತದೆ ಎಂದು ಅಮ್ಮ ಹೇಳುತ್ತಿದ್ದಳು, ಅದು ನಿಜ. ಅಮ್ಮನಿಗೆ ಒಂದು ಗುಟುಕಿನಲ್ಲಿ ತಿಳಿಯುತ್ತಿತ್ತು, ನಾನು ಅವಸರದಲ್ಲಿ ಹೆಕ್ಕಿದ್ದೋ ಸಾವಕಾಶವಾಗಿಯೋ. ಬೊಳ್ಳಿಗೆ ವಾಸನೆ ತಪ್ಪಿಸಿದೆನಾದರೂ ನನ್ನ ಬೆರಳಿಗೆ ತಪ್ಪಿಸಲಾಗಲಿಲ್ಲ. ಶಾಲೆಯಲ್ಲಿ ಬೆಳಗಿನ ಸಾಲಿನಲ್ಲಿ ಉಗುರು, ಶೂ, ರಿಬ್ಬನ್ನು ನೋಡುವ ಸಿಸ್ಟರ್ ನನ್ನ ಕೈಯ ಹತ್ತಿರ ಬಂದಾಗ ಒಂದು ಕ್ಷಣ ಹೆಚ್ಚು ನಿಲ್ಲುತ್ತಿದ್ದರು. ಏನೂ ಹೇಳುತ್ತಿರಲಿಲ್ಲ. ಹೇಳಿದ್ದರೆ ಒಳ್ಳೆಯದಿತ್ತು ಅನಿಸುತ್ತಿತ್ತು. ಗೆಳತಿಯರಿಗೆ ನಾನು, ನಮ್ಮದು ರೆಸ್ಟೋರೆಂಟ್, ಅಂದಿದ್ದೆ. ದನದ ಸುದ್ದಿ ಎತ್ತಿರಲಿಲ್ಲ.

ಬೊಳ್ಳಿ ಕರು ಹಾಕಿದ ವರ್ಷ ಚಾಳಿಗೆ ಹಬ್ಬ. ಮೊದಲ ಎರಡು ಮೂರು ದಿನದ ಹಾಲು ಹಳದಿಯಾಗಿ, ದಪ್ಪಗೆ ಇರುತ್ತದೆ. ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಇಟ್ಟರೆ ತಾನೇ ಗಟ್ಟಿಯಾಗಿ ಗಿಣ್ಣಾಗುತ್ತದೆ. ಇಲ್ಲಿಯವರು ಅದಕ್ಕೆ ಖರವಸ್ ಅನ್ನುತ್ತಾರೆ, ಹೆಸರು ಹೇಳಿದರೇ ಅವರ ಮುಖ ಮೆತ್ತಗಾಗುತ್ತದೆ. ಅಮ್ಮ ಹೋಟೆಲಿನ ಇಡ್ಲಿ ಅಟ್ಟದಲ್ಲೇ, ಆ ಹಬೆಯ ಪಾತ್ರೆಯಲ್ಲೇ, ಗಿಣ್ಣು ಬೇಯಿಸುತ್ತಿದ್ದಳು. ಆದರೆ ಅವಳ ಹತ್ತಿರ ಒಂದು ಕ್ರಮ ಇತ್ತು: ಮೊದಲು ಕರು, ಆಮೇಲೆ ನೆರೆಹೊರೆ, ಹತ್ತು ದಿನ ಕಳೆದು ದೇವರು, ದೇವರಾದ ಮೇಲೆ ಹೋಟೆಲು. ಗಿಣ್ಣು ಮಾರುವ ವಸ್ತುವಲ್ಲ, ಹಂಚುವ ವಸ್ತು. ಹಂಚಿದ ಡಬ್ಬಗಳು ತೊಳೆಯದೆ ಹಿಂದೆ ಬರಬೇಕು. ಅದು ಇಲ್ಲಿನ ಮರಾಠಿ ಮನೆಗಳಲ್ಲೂ ಇದ್ದ ಪದ್ಧತಿಯೇ ಆದ್ದರಿಂದ ಯಾರಿಗೂ ವಿವರಿಸಬೇಕಾಗುತ್ತಿರಲಿಲ್ಲ. ಅಂಟಂಟು ಡಬ್ಬಗಳು ಸಾಲಾಗಿ ಬಂದು ಕೂತಾಗ ಅಮ್ಮ ಒಂದೊಂದಕ್ಕೂ ಸ್ವಲ್ಪ ನೀರು ಹಾಕಿ, ಕುಲುಕಿ, ಎಲ್ಲವನ್ನೂ ಬೊಳ್ಳಿಯ ಬಕೆಟ್ಟಿಗೆ ಸುರಿಯುತ್ತಿದ್ದಳು. ಪ್ರತಿ ಮನೆಯ ತುಸು ತುಸು ಎಂಜಲು ಕೊಟ್ಟವಳಿಗೇ ಹೋಗಿ ಸೇರಬೇಕು. ಸಾಬೂನಿನಲ್ಲಿ ಉಜ್ಜಿ ಹೊಳೆಯಿಸಿ ಕೊಡುವುದೇ ಮರ್ಯಾದೆ ಎಂದು ಕಲಿತಿದ್ದ ನನಗೆ ಅದು ಗಲೀಜಾಗಿ ಕಾಣುತ್ತಿತ್ತು.

ನಾನು ಹೇಳಹೊರಟಿರುವ ಬೇಸಿಗೆಯಲ್ಲಿ ಬೊಳ್ಳಿ ತುಂಬು ಗಬ್ಬ. ಎರಡು ತಿಂಗಳಿಂದ ಹಾಲು ಬತ್ತಿಸಿದ್ದರು, ಎರಡು ತಿಂಗಳಿಂದ ಹೋಟೆಲಿನಲ್ಲಿ ಕಾಫಿ ಇರಲಿಲ್ಲ. ಅದೇ ಹೊತ್ತಿಗೆ ಎದುರು ಸಾಲಿನಲ್ಲಿ ಒಂದು ಹೊಸ ಹೋಟೆಲು ತೆರೆದು, ಬುಸ್ಸೆಂದು ಹಬೆ ಬಿಡುವ ಮೆಷಿನ್ನಿನ ಕಾಫಿ ಕೊಡತೊಡಗಿತು. ಮೇಲೆ ಎರಡಿಂಚು ನೊರೆ. ಅಪ್ಪನ ಬೆಳಗಿನ ಗಿರಾಕಿಗಳು, ಒಂದೇ ಗಾಡಿಯ ಒಂದೇ ಡಬ್ಬಿಯಲ್ಲಿ, ಅಂದರೆ ಬೋಗಿಯಲ್ಲಿ, ಭಜನೆ ಹೇಳುತ್ತಾ ವಿ.ಟಿ. ಸ್ಟೇಷನ್ನಿಗೆ ಹೋಗುವ ಏಳೆಂಟು ಮಂದಿ, ಒಬ್ಬೊಬ್ಬರಾಗಿ ರಸ್ತೆ ದಾಟಿದರು. ಉಳಿದವರು ಕುಲಕರ್ಣಿ ಕಾಕಾ ಒಬ್ಬರೇ. ಅವರು ನಮ್ಮ ಚಾಳಿನ ಮೊದಲ ಮಾಳಿಗೆಯವರು, ಮೇಲಾಗಿ ಅವರಿಗೆ ನೊರೆ ಕಂಡರೆ ಆಗದು.

"ಅಣ್ಣಾ, ಅದು ಕಾಫಿಯಲ್ಲ, ದಾಡಿಯ ಸಾಬೂನು," ಎಂದು ಅವರು ಸಮಾಧಾನ ಹೇಳಿದರು. "ಆದರೆ ಜನಕ್ಕೆ ಏನಾದರೂ ಹೊಸತು ಬೇಕು."

ಆ ಮಾತು ಅಪ್ಪನ ತಲೆಯೊಳಗೆ ಕೂತಿತು. ಒಂದು ಸಂಜೆ ಅವರು ನನ್ನನ್ನು ಕರೆದು, ಹೊಸ ಬಣ್ಣದ ಸೀಮೆಸುಣ್ಣದ ಪೆಟ್ಟಿಗೆ ಕೈಗಿಟ್ಟರು. ನಾನು ಹಲಗೆ ಒರೆಸಿ, ಅವರು ಹೇಳಿದ ಹಾಗೆ, ದೊಡ್ಡಕ್ಷರದಲ್ಲಿ ಬರೆದೆ: 'ಸಂಡೇ ಸ್ಪೆಷಲ್ ಖರವಸ್. ನಮ್ಮ ಸ್ವಂತ ದನದ್ದು.' ಕೆಳಗೆ ಬೆಲೆ. ಮೂಲೆಯಲ್ಲಿ ಹಳದಿ ಸೀಮೆಸುಣ್ಣದಿಂದ ಒಂದು ಚೌಕ ತುಂಡು ಬಿಡಿಸಿ, ಅದರ ಮೇಲೆ ಕೇಸರಿಯ ಎಳೆ ಅಂತ ಮೂರು ಕೆಂಪು ಗೀಟು ಎಳೆದೆ. ಬರುವ ಗುರುವಾರವೋ ಶುಕ್ರವಾರವೋ ಬೊಳ್ಳಿ ಕರು ಹಾಕುತ್ತಾಳೆ, ಭಾನುವಾರಕ್ಕೆ ಗಿಣ್ಣು ತಯಾರು ಎಂಬುದು ಅಪ್ಪನ ಲೆಕ್ಕ. ಭಜನೆ ಡಬ್ಬಿಯ ಎಲ್ಲರಿಗೂ ಕುಟುಂಬ ಸಮೇತ ಬನ್ನಿ ಎಂದು ಮಾತು ಕೊಟ್ಟೂ ಆಗಿತ್ತು. ಹುಟ್ಟದ ಕರುವಿನ ಹಾಲನ್ನು ಹಲಗೆಯ ಮೇಲೆ ಮಾರಿದ್ದರು ನನ್ನ ಅಪ್ಪ.

ಅಮ್ಮನಿಗೆ ಇಂಗ್ಲಿಷ್ ಅಕ್ಷರ ಬರುತ್ತಿರಲಿಲ್ಲ. ಆದರೆ ಅಂಕೆ ಬರುತ್ತಿತ್ತು. ಮರುದಿನ ಬೆಳಿಗ್ಗೆ ಚಟ್ನಿಯ ಪಾತ್ರೆ ಇಡಲು ಹೊರಗೆ ಬಂದವಳು ಹಲಗೆಯ ಮುಂದೆ ನಿಂತಳು.

"ಈ ಹಳದಿ ತುಂಡು ಎಂತದ್ದು, ವಾರಿಜಾ?"

"ಗಿಣ್ಣು ಅಮ್ಮ."

"ಅದರ ಕೆಳಗೆ ಅಂಕೆ ಯಾಕೆ?"

ನಾನು ಅಪ್ಪನ ಮುಖ ನೋಡಿದೆ. ಅಪ್ಪ ಗಲ್ಲಾದ ಖಾನೆಯೊಳಗೆ ಏನನ್ನೋ ಹುಡುಕತೊಡಗಿದರು.

"ನೀನು ಬರೆದದ್ದಾ?" ಅಮ್ಮ ಕೇಳಿದಳು. ಹೌದೆಂದೆ. "ಚಂದ ಬರೆದಿದ್ದಿ," ಎಂದು ಒಳಗೆ ಹೋದಳು. ಅವಳು ಬೈದಿದ್ದರೆ ನಾನು ಮರೆತುಬಿಡುತ್ತಿದ್ದೆ.

ಅಂದಿನಿಂದ ಮನೆಯಲ್ಲಿ ನನ್ನ ಮೂಲಕವೇ ವ್ಯವಹಾರ. ಸ್ಟೇಷನ್ನಿನಲ್ಲಿ ಗಾಡಿಯ ಸುದ್ದಿ ಹೇಳುವ ಹೆಂಗಸಿನ ಹಾಗೆ ನಾನು ಇಬ್ಬರ ನಡುವೆ ಕೂತಿರುತ್ತಿದ್ದೆ.

"ನಿನ್ನ ಅಪ್ಪನಿಗೆ ಹೇಳು, ಊಟಕ್ಕೆ ಹಾಕಿದೆ."

"ನಿನ್ನ ಅಮ್ಮನಿಗೆ ಹೇಳು, ಉಪ್ಪಿನಕಾಯಿ ಬರಲಿಲ್ಲ."

"ಕೈ ಚಾಚಿದರೆ ಸಿಗುತ್ತದೆ ಅಂತ ಹೇಳು."

"ಮಾರುವುದು ಅಂದರೆ ಎಂತ ಕೊಲೆಯಾ ಕೇಳು. ಹೋಟೆಲಿನವನ ಮನೆಯಲ್ಲಿ ಎಲ್ಲ ಮಾರಿಯೇ ಅಲ್ವಾ ಇವಳ ಮಗಳಿಗೆ ಕಾನ್ವೆಂಟು."

"ಹೇಳು, ಹಾಲು ಮಾರಿದ್ದಕ್ಕೆ ನಾನು ಎಂತ ಹೇಳಿದ್ದುಂಟಾ? ಕರುವಿನ ಬಾಯಿಯದನ್ನು ಮಾರಬೇಡಿ ಅಂತ ಮಾತ್ರ ಹೇಳಿದ್ದು."

ಇಬ್ಬರೂ ಒಬ್ಬರಿಗೊಬ್ಬರು ಒಂದು ಮಣೆಯ ದೂರದಲ್ಲಿದ್ದರು. ನಾನು ಯಾವುದನ್ನೂ ದಾಟಿಸುವ ಅಗತ್ಯ ಇರಲಿಲ್ಲ, ಸುಮ್ಮನೆ ಅನ್ನ ಕಲಸುತ್ತಿದ್ದೆ. ತಪ್ಪು ಅಪ್ಪನದು ಎಂದು ನನಗೆ ಅನಿಸಿದರೂ, ಅಕ್ಷರ ನನ್ನದಾಗಿತ್ತು.

ಶುಕ್ರವಾರ ಬೆಳಿಗ್ಗೆ, ಮೊದಲ ಇಡ್ಲಿ ಇಳಿಯುವ ಹೊತ್ತಿಗೆ, ಬೊಳ್ಳಿ ಕರು ಹಾಕಿದಳು. ಹೆಣ್ಣು ಕರು. ಹಣೆಯ ಮೇಲೆ ತಾಯಿಯದೇ ಬೊಟ್ಟು. ಆದರೆ ಅದು ಏಳಲಿಲ್ಲ. ಕರು ಎಂದರೆ ಬಿದ್ದ ಅರ್ಧ ಗಂಟೆಯಲ್ಲಿ ತಡವರಿಸಿ ಎದ್ದು ಕೆಚ್ಚಲು ಹುಡುಕಬೇಕು. ಇದು ಕುತ್ತಿಗೆಯನ್ನು ಗೋಣಿಯ ಮೇಲೆ ಚಾಚಿ ಮಲಗಿತ್ತು, ಪಕ್ಕೆ ಮಾತ್ರ ಏರಿಳಿಯುತ್ತಿತ್ತು. ಬೊಳ್ಳಿ ನೆಕ್ಕಿದಳು, ಮೂತಿಯಿಂದ ದೂಡಿದಳು, ನಮ್ಮನ್ನು ನೋಡಿದಳು. ಅಮ್ಮ ಹಾಲು ಕರೆಯಲು ಕೂತರೆ ಹಿಂಗಾಲು ಎತ್ತಿದಳು. ಊರ ದನದ ಸ್ವಭಾವ ಅದು. ಕರು ಬಾಯಿ ಇಡದೆ ಅವು ಕೆಚ್ಚಲಿಗೆ ಹಾಲು ಇಳಿಸುವುದಿಲ್ಲ. ಅಷ್ಟು ದೊಡ್ಡ ಕೆಚ್ಚಲಿನಿಂದ ಅಮ್ಮನಿಗೆ ಸಿಕ್ಕಿದ್ದು ಚೆಂಬಿನ ತಳ ಮುಚ್ಚುವಷ್ಟು. ಅದನ್ನೇ ಬೆರಳಿಗೆ ಅದ್ದಿ ಕರುವಿನ ನಾಲಗೆಗೆ ಸವರಿದಳು. ಕರು ನುಂಗಲಿಲ್ಲ, ಹಳದಿ ಹಾಲು ತುಟಿಯ ಬದಿಯಿಂದ ಇಳಿದು ಗೋಣಿಗೆ ಹೋಯಿತು. ಕರು ಉಳಿಯದಿದ್ದರೆ ಬೊಳ್ಳಿ ಆ ಸಲ ಹಾಲೇ ಕೊಡುವುದಿಲ್ಲ, ಬೊಳ್ಳಿಯ ಹಾಲಿಲ್ಲದಿದ್ದರೆ ಅಪ್ಪನ ಹೋಟೆಲಿಗೆ ಕಾಫಿಯೇ ಇಲ್ಲ. ನಾನು ಶಾಲೆಗೆ ಹೋಗುವುದಿಲ್ಲ ಎಂದೆ. ಅಮ್ಮ ಹೋಗು ಎಂದಳು. ಅಂದು ಸಿಸ್ಟರ್ ನನ್ನ ಕೈ ನೋಡುವಾಗ ನಾನು ಮೊದಲ ಸಲ ಕೈಯ ವಾಸನೆಯ ಬಗ್ಗೆ ಯೋಚಿಸಲಿಲ್ಲ.

ಶನಿವಾರ ಮಧ್ಯಾಹ್ನದ ಹೊತ್ತಿಗೆ ತಬೇಲೆಯ ರಾಮದುಲಾರೆ ಬಂದ. ನಮಗೆ ಎಮ್ಮೆ ಹಾಲು ತರುತ್ತಿದ್ದವನು ಅವನೇ, ಒಳ್ಳೆಯ ಮನುಷ್ಯ, ಪ್ರಾಣಿಗಳ ಮೈ ತಿಳಿದವನು. ಅಪ್ಪ ಕರೆಸಿದ್ದರು. ಅವನು ಚೀಲದಿಂದ ಒಂದು ಗಾಜಿನ ಸಿರಿಂಜು, ಒಂದು ಸಣ್ಣ ಸೀಸೆ ತೆಗೆದು ಕಟ್ಟೆಯ ಮೇಲೆ ಇಟ್ಟ.

"ಅಣ್ಣಾ, ಒಂದು ಸುಯೀ," ಎಂದ. "ಐದು ನಿಮಿಷದಲ್ಲಿ ಎಲ್ಲ ಹಾಲು ಇಳಿಯುತ್ತೆ. ಬಚ್ಚಾ ಇರಲಿ, ಇಲ್ಲದಿರಲಿ. ನಮ್ಮಲ್ಲಿ ದಿನಾ ಇದೇ. ನಾಳೆಗೆ ನಿಮ್ಮ ಖರವಸ್ ತಯಾರು."

ಅಪ್ಪ ಹಟ್ಟಿಯ ಕಂಬ ಹಿಡಿದು ನಿಂತಿದ್ದರು. ಅವರು ಬೇಡ ಅನ್ನಲಿಲ್ಲ. ಅಮ್ಮ ಬೊಳ್ಳಿಯ ಹೊಟ್ಟೆಗೆ ಬೆನ್ನು ಆನಿಸಿ ಕೂತಿದ್ದಳು, ಕರುವಿನ ತಲೆ ಅವಳ ಪಾದದ ಮೇಲಿತ್ತು. ನಾಲ್ಕು ದಿನದ ಬಳಿಕ ಅವಳು ಅಪ್ಪನ ಕಡೆ ಮುಖ ಮಾಡಿ ನೇರ ಮಾತಾಡಿದಳು. ಜಗಳದ ಸ್ವರವೇ ಅಲ್ಲ ಅದು. ಅಕ್ಕಿ ಎಷ್ಟು ನೆನೆಹಾಕಲಿ ಎಂದು ಕೇಳುವ ಸ್ವರ.

"ಚುಚ್ಚಿಸಿ, ನಾನು ಅಡ್ಡ ಬರುವುದಿಲ್ಲ. ಆದರೆ ನೀವು ಹಲಗೆಯ ಮೇಲೆ ನಿಜ ಬರೆಸುವವರಲ್ವಾ? ಇದನ್ನೂ ಬರೆಸಿ. ಕರು ಸಾಯಲು ಮಲಗಿತ್ತು, ಸೂಜಿ ಚುಚ್ಚಿ ಹಾಲು ತೆಗೆದೆವು, ಬಂದು ತಿನ್ನಿ ಅಂತ. ನಮ್ಮ ಹುಡುಗಿ ಚಂದ ಬರೆಯುತ್ತಾಳೆ."

ಹೊರಗೆ ಒಂದು ಫಾಸ್ಟ್ ಗಾಡಿ ಹೋಯಿತು. ತಗಡು ಗಡಗಡಿಸಿ ನಿಂತಿತು. ಅಪ್ಪ ರಾಮದುಲಾರೆಯ ಹೆಗಲ ಮೇಲೆ ಕೈ ಇಟ್ಟು, "ಚಾಯ್ ಪೀಕೆ ಜಾವೋ, ಭೈಯಾ" ಎಂದರು. ಅವನು ಸಿರಿಂಜನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡ. ಹೋಗುವಾಗ ಅವನಾಗಿಯೇ ತಿರುಗಿ, ಕರುವನ್ನು ಎದೆಯ ಮೇಲೆ ಕೂರಿಸಿ, ಬದಿಗೆ ಮಲಗಲು ಬಿಡಬೇಡಿ, ಮೈ ಉಜ್ಜುತ್ತಾ ಇರಿ, ಎಂದು ಹೇಳಿಹೋದ. ಆ ಒಂದು ಮಾತಿಗೆ ನಾನು ಅವನಿಗೆ ಇಂದಿಗೂ ಋಣಿ.

ಅಪ್ಪ ಅಡುಗೆಮನೆಯಿಂದ ಚಹಾದ ಉದ್ದ ಮೂತಿಯ ಕಿಟ್ಲಿ ತಂದರು. ಬಿಸಿನೀರಲ್ಲಿ ಎರಡು ಸಲ ತೊಳೆದು, ಮೂತಿಗೆ ಮಲ್ ಬಟ್ಟೆ ಸುತ್ತಿದರು. ಊರಲ್ಲಾದರೆ ಕರುವಿಗೆ ಕುಡಿಸಲು ಬಿದಿರಿನ ಗೊಟ್ಟ ಇರುತ್ತಿತ್ತು, ಡೊಂಬಿವಲಿಯಲ್ಲಿ ಅಪ್ಪನ ಹತ್ತಿರ ಇದ್ದುದು ಇದು. ಗಲ್ಲಾದಲ್ಲಿ ಕೂರುವ ಬಿಳಿ ಶರ್ಟಿನಲ್ಲೇ ಅವರು ಸಗಣಿಯ ನೆಲದ ಮೇಲೆ ಕೂತು ಕರುವನ್ನು ಮಡಿಲಿಗೆ ಎಳೆದುಕೊಂಡರು. ನಾನು ಗೋಣಿಯಿಂದ ಬೆನ್ನು ಉಜ್ಜಿದೆ. ಅಮ್ಮ ಬೊಳ್ಳಿಯನ್ನು ಸವರಿ, ಮಾತಾಡಿಸಿ, ಎಂತದೋ ಗುನುಗಿ ಸೇರಿನ ಕಾಲು ಭಾಗ ಹಾಲು ಕರೆದಳು. ಕಿಟ್ಲಿ ಬಾಯಿಗಿಟ್ಟರೆ ಕರು ಕೆಮ್ಮಿತು. ಅಪ್ಪ ಕಿಟ್ಲಿಯನ್ನು ಅಮ್ಮನ ಕೈಗೆ ಕೊಟ್ಟರು.

"ಬೆರಳು ಕೊಡು ಮಗಾ," ಎಂದಳು ಅಮ್ಮ. "ನಮ್ಮ ಬೆರಳು ದಪ್ಪ ಆಯಿತು ಅದಕ್ಕೆ. ನಿನ್ನದು ಕೊಡು."

ನಾನು ಎರಡು ಬೆರಳು ಕರುವಿನ ಬಾಯೊಳಗೆ ಇಟ್ಟೆ. ಅಮ್ಮ ಬೆರಳಿನ ಮೇಲಿಂದ ಹನಿ ಹನಿಯಾಗಿ ಹಾಲು ಬಿಟ್ಟಳು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಒಂದು ಒರಟು ನಾಲಗೆ ನನ್ನ ಬೆರಳ ಸುತ್ತ ಮಡಚಿಕೊಂಡಿತು. ಆಮೇಲೆ ಎಳೆಯಿತು. ಎಷ್ಟು ಜೋರಾಗಿ ಎಳೆಯಿತೆಂದರೆ ಬೆರಳು ಒಳಗೆ ಹೋಯಿತೆಂದೇ ನಾನು ಹೆದರಿದೆ. ಈರುಳ್ಳಿ ವಾಸನೆಯ, ಶಾಲೆಯ ಸಾಲಿನಲ್ಲಿ ಬೆನ್ನ ಹಿಂದೆ ಬಚ್ಚಿಡುತ್ತಿದ್ದ ಅದೇ ಬೆರಳು. ನನ್ನಿಂದ ಒಂದು ಜೀವ ಕುಡಿಯುತ್ತಿದೆ ಎನ್ನುವುದು ಎಂಥ ಹೆಮ್ಮೆಯೆಂದು ಆಮೇಲೆ ನನ್ನ ಮಕ್ಕಳು ಹುಟ್ಟಿದಾಗ ಎಲ್ಲರೂ ಹೇಳಿದರು. ನನಗೆ ಆಗಲೇ ಗೊತ್ತಿತ್ತು.

ಭಾನುವಾರ ಬೆಳಕು ಹರಿಯುವಾಗ ಕರು ಎದ್ದು ನಿಂತಿತು. ನಾಲ್ಕು ಕಾಲು ನಾಲ್ಕು ದಿಕ್ಕಿಗೆ. ಎರಡು ಸಲ ಬಿತ್ತು, ಮೂರನೆಯ ಸಲ ಬೊಳ್ಳಿಯ ಕೆಚ್ಚಲಿಗೆ ಹೋಗಿ ಮೂತಿಯಿಂದ ಗುದ್ದಿತು. ಬೊಳ್ಳಿ ಬಾಲ ಎತ್ತಿ, ಕಣ್ಣು ಅರ್ಧ ಮುಚ್ಚಿ, ನಿಂತುಬಿಟ್ಟಳು. ಹಾಲು ಇಳಿಯಿತು. ನಾಲ್ಕೂ ಮೊಲೆಗಳು ತುಂಬಿ ಹನಿಯುವುದು ಹಟ್ಟಿಯ ಬಾಗಿಲಲ್ಲಿ ನಿಂತ ನಮಗೆ ಕಾಣುತ್ತಿತ್ತು. ಅಪ್ಪನ ಕೈಯಲ್ಲಿ ದೊಡ್ಡ ಚೆಂಬು ಇತ್ತು. ಈಗ ಕರುವನ್ನು ಎಳೆದು ಕಟ್ಟಿದರೆ ಒಂದು ಹರಿವಾಣ ಗಿಣ್ಣಿಗೆ ಸಾಕಾಗುವಷ್ಟು ಹಾಲು. ಇಡ್ಲಿ ಅಟ್ಟದಲ್ಲಿ ನೀರೂ ಕುದಿಯುತ್ತಿತ್ತು. ಭಜನೆಯವರು ಬರಲು ಇನ್ನೂ ಎರಡು ಗಂಟೆ. ಏನೂ ಹೇಳಬಾರದೆಂದೇ ಅಮ್ಮ ಅಂಗಳ ಗುಡಿಸಲು ಹೋದಳು ಎಂದು ನನಗೆ ಈಗ ಅನಿಸುತ್ತದೆ. ಕರು ಚಪ್ಪರಿಸಿ ಕುಡಿಯುತ್ತಿತ್ತು, ಬಾಯ ಸುತ್ತ ಹಳದಿ ನೊರೆ. ಅಪ್ಪ ಅದನ್ನೇ ನೋಡುತ್ತಾ ನಿಂತರು. ಆಮೇಲೆ ಚೆಂಬನ್ನು ಕಟ್ಟೆಯ ಮೇಲೆ ಬೋರಲು ಹಾಕಿದರು.

"ನೊರೆ ಅಂದರೆ ಇದು," ಎಂದರು. "ವಾರಿಜಾ, ಹಲಗೆ ಒರೆಸು."

ಒದ್ದೆ ಬಟ್ಟೆಯಿಂದ ಒರೆಸಿದೆ. ಹಳದಿ ತುಂಡು, ಕೇಸರಿ ಗೀಟು, ಬೆಲೆ ಎಲ್ಲ ಹೋಯಿತು. ಅಪ್ಪ ಹೇಳಿದ್ದನ್ನು ಬರೆದೆ: 'ಇವತ್ತು ಖರವಸ್ ಇಲ್ಲ. ಕರು ಕುಡಿಯುತ್ತಿದೆ.' ಒಂಬತ್ತಕ್ಕೆ ಅವರೆಲ್ಲ ಬಂದರು. ಹೆಂಗಸರು ಇಸ್ತ್ರಿ ಸೀರೆ ಉಟ್ಟು, ಮಕ್ಕಳಿಗೆ ಪೌಡರು ಹಾಕಿಸಿ, ಮದುವೆಗೆ ಬಂದ ಹಾಗೆ. ಅಪ್ಪ ಗಲ್ಲಾ ಬಿಟ್ಟು ಬಾಗಿಲಿಗೆ ಬಂದು ಕೈ ಮುಗಿದರು. ಶರ್ಟು ಬದಲಿಸಲು ಮರೆತಿದ್ದರು, ಎದೆಯ ಮೇಲೆ ಸಗಣಿಯ ಕಲೆ. ಅವರ ಹಿಂದಿ ಆ ದಿನ ಪೂರ್ತಿ ಕೈಕೊಟ್ಟಿತು. ಹಲಗೆಯತ್ತ ತೋರಿಸಿದರು, ಅಷ್ಟೆ. ಒಂದಿಬ್ಬರು ಮುಖ ಸಿಂಡರಿಸಿ, "ಹಾಗಿದ್ದರೆ ಕರೆದದ್ದು ಯಾಕೆ" ಎಂದು ಎದುರು ಹೋಟೆಲಿಗೆ ದಾಟಿದರು. ಅದೂ ನಿಜವೇ. ಕುಲಕರ್ಣಿ ಕಾಕಾ ಕನ್ನಡಕ ಏರಿಸಿ ಹಲಗೆಯನ್ನು ಎರಡು ಸಲ ಓದಿದರು.

"ಜ್ಯಾಚಂ ತ್ಯಾಲಾ ಮಿಳಾಲಂ," ಎಂದರು. ಯಾರಿಗೆ ಸೇರಬೇಕೋ ಅವರಿಗೇ ಸಿಕ್ಕಿತು. "ಚಲಾ ಅಣ್ಣಾ, ಕುಡಿಯುವವರನ್ನಾದರೂ ತೋರಿಸು."

ಹೀಗೆ ಆ ಭಾನುವಾರ ಹೋಟೆಲಿನ ಅಡುಗೆಮನೆಯ ನಡುವಿನಿಂದ, ದೋಸೆಕಲ್ಲಿನ ಪಕ್ಕದಿಂದ, ಇಸ್ತ್ರಿ ಸೀರೆಗಳ ಒಂದು ಸಾಲು ಹಟ್ಟಿಗೆ ನಡೆಯಿತು. ಅಮ್ಮ ಪೊರಕೆ ಬಚ್ಚಿಟ್ಟು ಸೆರಗು ಹೊದ್ದಳು. ಕರುವಿಗೆ 'ಸಂಡೇ' ಎಂದು ಹೆಸರಿಟ್ಟವರು ಆ ಸಾಲಿನ ಮಕ್ಕಳು. ಕಾಕಾರ ಹೆಂಡತಿ ಕಾಕೂ ಮಧ್ಯಾಹ್ನದೊಳಗೆ ಬಾಣಂತಿ ದನಕ್ಕೆಂದು ಸಜ್ಜೆ ಬೆಲ್ಲ ಬೇಯಿಸಿ ದೊಡ್ಡ ಡಬ್ಬ ತಂದರು. ಡಬ್ಬ ಕೊಡುವಾಗ ಅಮ್ಮನ ಕಿವಿಯಲ್ಲಿ, "ಧುವೂ ನಕೋ ಹಂ" ಎಂದರು. ತೊಳೆಯಬೇಡ. ಪ್ರತಿ ಸಲ ನಾವು ಕೊಟ್ಟು ಅವರು ತೊಳೆಯದೆ ತಂದುಕೊಡುತ್ತಿದ್ದರು, ಈ ಸಲ ಕೊಟ್ಟವರು ಅವರು, ತೊಳೆಯದೆ ಹಿಂದಿರುಗಿಸಬೇಕಾದವರು ನಾವು. ಅದನ್ನು ಹಿಂದಿರುಗಿಸಲು ಹೋದವಳು ನಾನು. ಅಂಟಂಟು ಡಬ್ಬವನ್ನು ಎರಡೂ ಕೈಯಲ್ಲಿ ಹಿಡಿದು ಚಾಳಿನ ಮೆಟ್ಟಿಲು ಹತ್ತುವಾಗ ಅದು ಗಲೀಜೆಂದು ಅನಿಸಲಿಲ್ಲ.

ಎಲ್ಲ ಹೋದ ಮೇಲೆ ಅಪ್ಪ ಹಟ್ಟಿಯ ಕಟ್ಟೆಯಲ್ಲಿ ಕೂತಿದ್ದರು.

"ಕಾಫಿ ಮಾಡಲಾ?" ಅಮ್ಮ ಕೇಳಿದಳು. ನನ್ನನ್ನಲ್ಲ, ಅವರನ್ನು.

"ಯಾವ ಹಾಲು ಉಂಟು?"

"ಎಮ್ಮೆಯದೂ ಮುಗಿಯಿತು, ಯಾವುದೂ ಇಲ್ಲ."

"ಹಾಗಾದರೆ ಮಾಡು."

ಹಾಲಿಲ್ಲದ, ಬೆಲ್ಲದ ಕಪ್ಪು ಕಾಫಿ. ಇಬ್ಬರೂ ಕಟ್ಟೆಯ ಮೇಲೆ ಕೂತು, ಬಸಿಗೆ ಸುರಿದು, ಊದಿ ಊದಿ ಕುಡಿದರು. ನನಗೂ ಅರ್ಧ ಬಸಿ ಸಿಕ್ಕಿತು. ಎಷ್ಟೋ ಒಳ್ಳೆಯ ಹೋಟೆಲುಗಳಲ್ಲಿ ಆಮೇಲೆ ಕಾಫಿ ಕುಡಿದಿದ್ದೇನೆ, ಅಂಥ ಕಾಫಿ ಕುಡಿದಿಲ್ಲ.

ಸೋಮವಾರ ಸಾಲಿನಲ್ಲಿ ಸಿಸ್ಟರ್ ನನ್ನ ಶೂ ನೋಡಿ ನಿಂತರು. ಹೊಲಿಗೆಯ ಸಂದಿಯಲ್ಲಿ ಸಗಣಿ ಒಣಗಿತ್ತು. ನಾನು ಕಾಲು ಹಿಂದೆ ಎಳೆದುಕೊಳ್ಳಲಿಲ್ಲ. "ನಮ್ಮ ಕರು ಎದ್ದು ನಿಂತಿತು, ಸಿಸ್ಟರ್," ಎಂದೆ, ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ. ಹಿಂದೆ ಯಾರೋ ಕಿಸಕ್ಕೆಂದರು. ಸಿಸ್ಟರ್ ಅವರನ್ನು ಒಂದು ನೋಟದಲ್ಲಿ ಸುಮ್ಮನಾಗಿಸಿ, ನಲ್ಲಿಯ ಹತ್ತಿರ ಹೋಗಿ ಶೂ ಒರೆಸಿ ಬಾ ಎಂದರು. ನಾನು ಪಕ್ಕದಿಂದ ಹಾಯುವಾಗ, ತುಟಿ ಅಲುಗಿಸದ ಹಾಗೆ, ನಾನು ಅವರ ಬಾಯಲ್ಲಿ ಎಂದೂ ಕೇಳಿರದ ಮಂಗಳೂರು ಕನ್ನಡದಲ್ಲಿ ಕೇಳಿದರು:

"ಗಿಣ್ಣು ಮಾಡಿದ್ದುಂಟಾ?"

ಆ ವರ್ಷ ಗಿಣ್ಣು ಆಗಲೇ ಇಲ್ಲ. ಸಂಡೇ ಗಟ್ಟಿಯಾಗುವಷ್ಟರಲ್ಲಿ ಹಾಲು ಬಿಳಿಯಾಗಿತ್ತು. ಹತ್ತು ದಿನ ಕಳೆದು ಹೋಟೆಲಿನಲ್ಲಿ ಕಾಫಿ ಶುರುವಾಯಿತು, ರಸ್ತೆ ದಾಟಿದವರಲ್ಲಿ ಕೆಲವರು ಮರಳಿ ದಾಟಿದರು, ಕೆಲವರು ದಾಟಲಿಲ್ಲ. ಮುಂದೆ ಸಂಡೇ ದೊಡ್ಡವಳಾಗಿ ತಾನೇ ಕರು ಹಾಕಿದಾಗ ಅಮ್ಮ ಎರಡು ಹರಿವಾಣ ಗಿಣ್ಣು ಮಾಡಿ, ತಾನಾಗಿಯೇ ಒಂದನ್ನು ಹಿಂಬಾಗಿಲಿನಿಂದ ಹೋಟೆಲಿಗೆ ಕಳಿಸಿದಳು. ಆ ದಿನ ಯಾರು ಬಂದರೂ ಕಾಫಿಯ ಬಸಿಯಲ್ಲಿ ಒಂದು ತುಂಡು, ಕೇಳದೆ, ಬೆಲೆಯಿಲ್ಲದೆ. ಹಲಗೆಯನ್ನು ಅಪ್ಪ ಗೋಡೆಯ ಕಡೆಗೆ ತಿರುಗಿಸಿಟ್ಟಿದ್ದರು.

ಹೋಟೆಲು, ಚಾಳು, ಹಟ್ಟಿ ಯಾವುದೂ ಈಗಿಲ್ಲ. ಅದೇ ಜಾಗದ ಎತ್ತರದ ಕಟ್ಟಡದ ಕೆಳಗೆ ಒಂದು ಡೇರಿ ಇದೆ, ಅಲ್ಲಿ ಪ್ಲಾಸ್ಟಿಕ್ ಕಪ್ಪಿನಲ್ಲಿ ಖರವಸ್ ವರ್ಷವಿಡೀ ಸಿಗುತ್ತದೆ. ನಾನೂ ಕೊಂಡು ತಿಂದಿದ್ದೇನೆ, ರುಚಿಯಾಗಿದೆ, ಸುಳ್ಳು ಹೇಳುವುದಿಲ್ಲ. ಆದರೆ ಮುರಬಾಡದ ಕಡೆಯಿಂದ ನಮ್ಮ ಫ್ಲ್ಯಾಟುಗಳ ಸೊಸೈಟಿಗೆ ದನದ ಹಾಲು ತರುವ ಹೆಂಗಸು ವರ್ಷಕ್ಕೆ ಒಂದೆರಡು ಸಲ ಗಿಣ್ಣಿನ ಹಾಲು ತರುತ್ತಾಳೆ. ಮೊದಲ ಸಲ ತಂದಾಗ ನಾನು ಪಾತ್ರೆ ಒಡ್ಡುವ ಮುಂಚೆ, ಕರು ಕುಡಿಯಿತಾ ಎಂದು ಕೇಳಿದ್ದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. ಈಗ ಬಾಗಿಲ ಗಂಟೆ ಒತ್ತಿ, ಕ್ಯಾನು ಕೆಳಗಿಡುವ ಮೊದಲೇ ಅವಳೇ ಹೇಳುತ್ತಾಳೆ, "ವಾಸರೂ ಪ್ಯಾಯಲಂ, ಮಾವಶೀ." ಕರು ಕುಡಿಯಿತು.

ಕಳೆದ ತಿಂಗಳು ಹಾಗೆ ಬಂದ ಹಾಲಿನಿಂದ ಗಿಣ್ಣು ಮಾಡಿ ಮಹಡಿಯ ಏಳು ಮನೆಗೆ ಕೊಟ್ಟೆ. ಸೊಸೆ ನೇಹಾ ನಾಗಪುರದವಳು, ಜಾಣೆ. ಅವಳ ಮೊಬೈಲಿನಲ್ಲಿ ಸೊಸೈಟಿಯ ಗ್ರೂಪಿನಿಂದ ಮೆಸೇಜುಗಳು ಬರತೊಡಗಿದವು. ಆಂಟಿಯ ಖರವಸ್ ರೇಟು ಎಷ್ಟು, ಹಬ್ಬಕ್ಕೆ ಆರ್ಡರ್ ತಗೋತಾರಾ?

"ಮಮ್ಮೀ, ಸಚ್ ಮೇ ಶುರು ಕರೋ," ಎಂದಳು ನೇಹಾ. "ನಾನು ಚಂದದ ಒಂದು ಮೆನು ಕಾರ್ಡ್ ಮಾಡಿಕೊಡ್ತೀನಿ."

"ಒಮ್ಮೆ ಮಾಡಿಯಾಗಿದೆ ಮಗಾ," ಎಂದೆ. "ಬಣ್ಣದ ಸೀಮೆಸುಣ್ಣದಲ್ಲಿ. ರೇಟು ಇಲ್ಲ ಅಂತ ಬರೆ. ಡಬ್ಬ ತೊಳೆಯದೆ ಕೊಡಿ ಅಂತ ಬರೆ."

ಅವಳು ನಕ್ಕು ಬರೆದಳು. ಸಂಜೆಯ ಹೊತ್ತಿಗೆ ಆರು ಡಬ್ಬ ಅಂಟಂಟಾಗಿ ಬಂದವು. ಏಳನೆಯವರು ಎಷ್ಟಾದರೂ ತಡೆಯಲಾರದೆ ನಿಂಬೆ ವಾಸನೆಯ ಸಾಬೂನಿನಲ್ಲಿ ತಿಕ್ಕಿ ಕಳಿಸಿದ್ದರು. ಅವರೂ ಕಾನ್ವೆಂಟಿನವರೇ ಇರಬೇಕು. ನಾನು ಒಂದೊಂದಕ್ಕೂ ತುಸು ನೀರು ಹಾಕಿ, ಕುಲುಕಿ, ಬಾಟಲಿಗೆ ಸುರಿದೆ. ದೇವಸ್ಥಾನದ ಮೂಲೆಯಲ್ಲಿ ಒಬ್ಬಳು ಹುಲ್ಲಿನ ಕಟ್ಟು ಇಟ್ಟುಕೊಂಡು ದನ ಕಟ್ಟಿ ಕೂತಿರುತ್ತಾಳೆ, ಆ ದನಕ್ಕೆ ಒಯ್ದು ಕುಡಿಸುವುದು ನನ್ನ ರೂಢಿ. ಚಪ್ಪಲಿ ಮೆಟ್ಟುವಾಗ ಒಳಗಿನಿಂದ ನೇಹಾ ಕರೆದಳು. ಅಡುಗೆಮನೆಯ ಕಟ್ಟೆಯ ಮೇಲೆ ಅವಳ ಗಿಣ್ಣಿನ ಬಟ್ಟಲು ಇತ್ತು, ಚಮಚೆಯ ಗೆರೆಗಳೊಂದಿಗೆ, ತೊಳೆಯದೆ.

"ಇದರದ್ದೂ, ಮಮ್ಮೀ," ಎಂದಳು.